ಅಥೆನ್ಸಿನ ಸಭೆಯ ಹೊರಗೆ ನಿಂತವರು

ನಮ್ಮ ಕಡೆ ಹೆಸರು ಕೇಳಿದವರು ಅಷ್ಟಕ್ಕೇ ಬಿಡುವುದಿಲ್ಲ. ಯಾರ ಮಗ, ಯಾವ ಬೀದಿ ಅಂತ ಕೆದಕಿ ಕೆದಕಿ, ಜಾತಿ ಕೈಗೆ ಸಿಕ್ಕ ಮೇಲೇ ಸುಮ್ಮನಾಗುವುದು. ಮನೆಗೆ ಮೊದಲ ಡಿಗ್ರಿ ತಂದ ನಾವು ಗ್ರೀಸಿನ ಚರಿತ್ರೆ ಓದುವಾಗ, ಕ್ಲೈಸ್ತೆನೀಸ್ ಎಂಬವನು ಮಾಡಿದ ಒಂದು ಕೆಲಸ ಕಂಡು ಅಲ್ಲೇ ನಿಂತುಬಿಟ್ಟೆವು.

ಕ್ರಿ.ಪೂ. 508ರ ಮಾತು. ಅಥೆನ್ಸಿನಲ್ಲಿ ದೊಡ್ಡ ಮನೆತನಗಳದೇ ದರ್ಬಾರು. ಇವನೂ ಅಂಥ ಮನೆಯವನೇ. ಆದರೆ ಜನರನ್ನು ಕಟ್ಟಿಕೊಂಡು ಹಳೇ ಕುಲಗಳ ಲೆಕ್ಕವನ್ನೇ ಮುರಿದ. ಕರಾವಳಿ, ಪಟ್ಟಣ, ಒಳನಾಡು ಮೂರೂ ಕಡೆಯ ಊರುಗಳನ್ನು ಬೆರೆಸಿ ಹತ್ತು ಹೊಸ ಪಂಗಡ ಮಾಡಿದ. ಅಪ್ಪನ ಹೆಸರು ಬಿಡಿ, ಊರ ಹೆಸರು ಹಿಡಿದು ಕರೆಯಿರಿ ಅಂದ. ಯಾಕೆ? ಹೊಸದಾಗಿ ನಾಗರಿಕರಾದವರನ್ನು ಹುಟ್ಟು ಹಿಡಿದು ಯಾರೂ ಬೆರಳು ಮಾಡಿ ತೋರಿಸದಿರಲಿ ಅಂತ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ 'ಅಥೆನ್ಸಿನ ಸಂವಿಧಾನ' ಈ ಕಾರಣ ಹೇಳುತ್ತದೆ. ಊರಿಗೆ ಅವರು 'ದೇಮೊಸ್' ಅನ್ನುತ್ತಿದ್ದರು; ಜನಕ್ಕೂ ಅದೇ ಮಾತು. ಡೆಮಾಕ್ರಸಿ ಹುಟ್ಟಿದ್ದು ಆ ಮಾತಿನಿಂದ.

500 ಜನರ ಮಂಡಳಿಗೆ ಚೀಟಿ ಎತ್ತಿ ಆರಿಸುತ್ತಿದ್ದರು. ಒಬ್ಬನಿಗೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅಧಿಕಾರ ಮುಗಿದವನು ಲೆಕ್ಕ ಒಪ್ಪಿಸಲೇಬೇಕು. ಕೂಲಿ ಬಿಟ್ಟು ನ್ಯಾಯ ಹೇಳಲು ಬಂದ ಬಡವನ ಹೊಟ್ಟೆಗೇನು? ಪೆರಿಕ್ಲಿಸ್ ಅದಕ್ಕೆ ದಿನಭತ್ಯ ಕೊಡಿಸಿದ. ಇವತ್ತಿನ ಸರ್ಕಾರಗಳು ಆ ಹೆಸರನ್ನೂ ನಾಗರಿಕತ್ವದ ಕಲ್ಪನೆಯನ್ನೂ ತಗೊಂಡವು, ಚೀಟಿಯನ್ನು ಮಾತ್ರ ಬಿಟ್ಟವು. ಚೀಟಿ ಜನರ ಆಳ್ವಿಕೆಯ ರೀತಿ, ಚುನಾವಣೆ ಕೆಲವೇ ಜನರ ಆಳ್ವಿಕೆಯ ರೀತಿ ಎಂದು ಅರಿಸ್ಟಾಟಲ್ ಆಗಲೇ ಬರೆದಿದ್ದ. ದುಡ್ಡಿದ್ದವನೇ ಗೆಲ್ಲುವ ಚುನಾವಣೆ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಏಳುವ ಹಾಗಿಲ್ಲ. ಆ ಸಭೆಯಲ್ಲಿ ಹೆಂಗಸರಿಲ್ಲ. ಹೊರಗಿಂದ ಬಂದು ನೆಲೆಸಿದವರಿಲ್ಲ. ಗುಲಾಮರಿದ್ದರು, ಆದರೆ ಹೇಗೆ? ಸಿಥಿಯದಿಂದ ತಂದ ಬಿಲ್ಲಾಳುಗಳಾಗಿ, ಸಭೆಯ ಗದ್ದಲ ಅಡಗಿಸುವುದಕ್ಕೆ! ಕಾವಲು ಅವರದು, ಮಾತು ಧಣಿಗಳದು. ಲೌರಿಯನ್ ಗುಡ್ಡದ ಸುರಂಗಗಳಲ್ಲಿ ಬೆಳ್ಳಿ ಅಗೆದವರೂ ಗುಲಾಮರೇ. ಆ ಬೆಳ್ಳಿಯಿಂದ ಅಥೆನ್ಸು ಯುದ್ಧದ ಹಡಗು ಕಟ್ಟಿತು. ನಿಕಿಯಾಸ್ ಎಂಬ ಸೇನಾಪತಿ ಸಾವಿರ ಗುಲಾಮರನ್ನು ಗಣಿಗೆ ಬಾಡಿಗೆಗೆ ಬಿಟ್ಟಿದ್ದನೆಂದು ಜೆನೊಫೋನ್ ಬರೆದಿದ್ದಾನೆ. ಎತ್ತು ಬಾಡಿಗೆಗೆ ಬಿಟ್ಟ ಹಾಗೆ. ಗುಲಾಮ ಅಂದರೆ ಜೀವ ಇರುವ ಸಲಕರಣೆ ಅಂದವನೂ ಅದೇ ಅರಿಸ್ಟಾಟಲ್. ಜೀತಕ್ಕಿದ್ದ ನಮ್ಮ ತಾತಂದಿರಿಗೆ ಈ ಮಾತಿನ ಅರ್ಥ ಗೊತ್ತಿತ್ತು, ಅವನ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಕ್ರಿ.ಪೂ. 451ರಲ್ಲಿ, ಭತ್ಯ ಕೊಡಿಸಿದ ಆ ಪೆರಿಕ್ಲಿಸನೇ, ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ನಾಗರಿಕ ಎಂಬ ಕಾನೂನು ತಂದ. ಕ್ಲೈಸ್ತೆನೀಸ್ ತೆಗೆದ ಬಾಗಿಲಿಗೆ ಮತ್ತೆ ಹುಟ್ಟಿನ ಅಗಳಿ ಬಿತ್ತು. 19ನೇ ಶತಮಾನದಲ್ಲಿ ಅಮೆರಿಕದ ಗುಲಾಮರ ಒಡೆಯರೂ ಗ್ರೀಸನ್ನೇ ತೋರಿಸಿ ತಮ್ಮ ಪಾಪವನ್ನು ಸಮರ್ಥಿಸಿಕೊಂಡರು. ಹಳೆಯದರಿಂದ ಬೆಳಕು ಬರುವ ದಾರಿಯಲ್ಲೇ ಸಂಕೋಲೆಯೂ ಬರುತ್ತದೆ.

ಬಾಬಾಸಾಹೇಬರು ಇದನ್ನು ಬಲ್ಲವರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಗ್ರೀಸಿನ ಚರಿತ್ರಕಾರ ಗ್ರೋಟನನ್ನು ನೆನೆದರು. ಗ್ರೋಟ್ ಸಂವಿಧಾನ ನೀತಿಯ ಮಾತೆತ್ತಿದ್ದು ಕ್ಲೈಸ್ತೆನೀಸನ ಕಥೆ ಹೇಳುವಾಗ. ಆ ನೀತಿ ತಾನಾಗಿ ಹುಟ್ಟುವುದಿಲ್ಲ, ಬೆಳೆಸಬೇಕು. ನಮ್ಮ ಜನ ಇನ್ನೂ ಅದನ್ನು ಕಲಿಯಬೇಕು ಎಂದರು ಬಾಬಾಸಾಹೇಬರು. ಅಥೆನ್ಸಿನಿಂದ ಬೇಕಾದ್ದನ್ನು ತಗೊಂಡರು, ಅಲ್ಲಿ ಇಲ್ಲದ್ದನ್ನು ಸೇರಿಸಿದರು. ಅಥೆನ್ಸು ಯಾವ ಹೆಂಗಸಿಗೂ ಯಾವ ಗುಲಾಮನಿಗೂ ಕೊಡದ ಓಟು, 1950ರ ಸಂವಿಧಾನದಿಂದ ನಮ್ಮ ಅಜ್ಜಿಗೆ ಸಿಕ್ಕಿತು.

ಪಾಠ ಹೇಳುವ ಗೆಳೆಯರೇ, ಮಕ್ಕಳಿಗೆ ಅಥೆನ್ಸಿನ ಅಮೃತಶಿಲೆಯ ಕಂಬ ತೋರಿಸಿ, ಬೇಡ ಅನ್ನುವುದಿಲ್ಲ. ಲೌರಿಯನ್ನಿನ ಸುರಂಗವನ್ನೂ ತೋರಿಸಿ. ಅಲ್ಲಿ ಬಗ್ಗಿ ಅಗೆಯುತ್ತಿದ್ದವನಿಗೆ ಏನು ಹೆಸರಿತ್ತು ಅಂತ ಮಕ್ಕಳು ಕೇಳಲಿ.