ಮಗಳ ಮೊದಲ ಪಿಸ್ತೂಲು

ಪುಣೆಗೆ ಬಂದು 28 ವರ್ಷ ಆಯ್ತು. ಅದರಲ್ಲಿ 19 ವರ್ಷ ಈ ಕಾತ್ರಜದಲ್ಲೇ. ಬ್ಯಾಂಕಿನಲ್ಲಿ ಕೂತು ಟ್ರ್ಯಾಕ್ಟರಿಗೆ, ಎಮ್ಮೆಗೆ, ಹಿಟ್ಟಿನ ಗಿರಣಿಗೆ, ಕಾರಿಗೆ, ಮದುವೆಗೆ, ಎಲ್ಲಕ್ಕೂ ಸಾಲ ಕೊಟ್ಟಿದ್ದೇನೆ. ಯಾವ ವಸ್ತು ಎಷ್ಟು ಬಾಳುತ್ತೆ, ಮಾರಿದರೆ ಎಷ್ಟು ಬರುತ್ತೆ ಅನ್ನೋದು ಒಂದು ಅಂದಾಜಿಗೆ ಸಿಗುತ್ತೆ. ಆದರೆ ಪಿಸ್ತೂಲು ಕೊಳ್ಳೋ ಬಗ್ಗೆ ಮಾತ್ರ ನನ್ನ ಬಿಕಾಂ ಆಗಲಿ, ಈ ನೌಕರಿ ಆಗಲಿ ಏನೂ ಕಲಿಸಿರಲಿಲ್ಲ. ಮಗಳಿಂದಾಗಿ ಕಲಿಯಬೇಕಾಯಿತು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದೇ ಪ್ರಶ್ನೆ ಎದ್ದಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಗಾಬರಿಯಾಗಬೇಡಿ, ಇದು ಸಿನಿಮಾದ ಪಿಸ್ತೂಲಲ್ಲ. 10 ಮೀಟರ್ ಏರ್ ಪಿಸ್ತೂಲ್. ಗಾಳಿಯ ಒತ್ತಡದಿಂದ 4.5 ಮಿಲಿಮೀಟರಿನ ಸೀಸದ ಗುಂಡು ಹೊಡೆಯುವ ಆಟದ ಸಾಮಾನು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರಲ್ಲ (ಒಂದು ಒಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ), ಅದೇ ಆಟ. ಅದೇ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ರೈಫಲ್ಲಿನಲ್ಲಿ ಕಂಚು ತಂದರು. 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದ ರಾಹಿ ಸರ್ನೋಬತ್ ಕೂಡ ಕೊಲ್ಹಾಪುರದವರೇ. ಹಾಗಾಗಿ ನಮ್ಮ ಸೊಸೈಟಿಯ ಮರಾಠಿ ಮಂದಿಗೆ ಇದು ಹೊಸದಲ್ಲ, ಹೊಸದಾಗಿದ್ದು ನಮ್ಮ ಮನೆಗೆ. ನಮ್ಮ ಕನ್ನಡದವರೂ ಹಿಂದಿಲ್ಲ ಬಿಡಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ನೌಕರಿ ಮಾಡಿ ಮರಳಿ ಬಂದವರು. 2013ರಲ್ಲಿ ಮುಖಕ್ಕೆ ಪಾರ್ಶ್ವವಾಯು ಹೊಡೆದರೂ ಬಿಡದೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಇದೇ 10 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು.

ಮಗಳ ವಿಷಯ ಹೇಳುತ್ತೇನೆ. 2020ರ ಲಾಕ್‌ಡೌನ್ ಹೊತ್ತಿಗೆ ಅವಳಿಗೆ 11 ವರ್ಷ. ಎರಡು ವರ್ಷ ಮೊಬೈಲಿನ ಮುಂದೆ ಕೂತು ಶಾಲೆ ಕಲಿತಳು. ಶಾಲೆ ತೆರೆದ ಮೇಲೆ ಮಾತೇ ಕಡಿಮೆಯಾಯಿತು. ಯಾರಾದರೂ ಮನೆಗೆ ಬಂದರೆ ಒಳಗಿನ ಕೋಣೆ. ಕೇಳಿದ್ದಕ್ಕೆ ಹೂಂ, ಉಹೂಂ. ನಾನೂ ನನ್ನಾಕೆಯೂ ರಾತ್ರಿ ಮಲಗಿ ಇದನ್ನೇ ಮಾತಾಡುತ್ತಿದ್ದೆವು. ಹೋದ ವರ್ಷ ಗೆಳತಿಯ ಜೊತೆ ಹತ್ತಿರದ ಒಂದು ಸಣ್ಣ ರೇಂಜಿಗೆ ಹೋದಳು. ಮೂರನೇ ವಾರ ಊಟದ ಹೊತ್ತಿಗೆ ತಾನಾಗಿಯೇ, "ಪಪ್ಪಾ, ಇವತ್ತು ಹತ್ತು ಗುಂಡಿನ್ಯಾಗ 84 ಬಂತು" ಅಂದಳು. ಯಾರೂ ಕೇಳದೆ ಅವಳು ಹೇಳಿದ ಮಾತು ಅದು, ಎಷ್ಟೋ ದಿನದ ಮೇಲೆ. ನಮಗೆ ಅಂಕ ಯಾವುದಾದರೇನು!

ಎಂಟು ತಿಂಗಳು ರೇಂಜಿನ ಪಿಸ್ತೂಲಿನಲ್ಲೇ ಹೊಡೆದಳು. ಆಮೇಲೆ ಮಣಿಕಟ್ಟು ನೋವು ಶುರುವಾಯಿತು. ಕೋಚ್ ನೋಡಿ, ಇವಳದೇ ಒಂದು ಬೇಕು ಅಂದರು. ಅಲ್ಲಿಂದ ನನ್ನ ತಲೆನೋವು.

ಮೊದಲು ಅವ್ವ. ಊರಿಂದ ಬಂದು ನಮ್ಮ ಜೊತೆಗೇ ಇದ್ದಾಳೆ. "ಅಲ್ಲೋ ಯಪ್ಪಾ, ಹೆಣ್ಣ ಹುಡುಗಿ ಕೈಯಾಗ ಪಿಸ್ತೂಲ ಕೊಡ್ತೀಯಾ? ನಾಳೆ ಪೊಲೀಸರು ಬಂದ್ರ ಏನ ಹೇಳ್ತಿ?" ಅಂದಳು. ಅವಳ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ನಮ್ಮದು ಮುಧೋಳದ ಕಡೆ. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಆಯುಧ ಒಪ್ಪಿಸಬೇಕು ಅಂದಾಗ ಕೊಡೋದಿಲ್ಲ ಅಂತ ನಿಂತ ಹಲಗಲಿ ಬೇಡರ ತಾಲೂಕು. ನವೆಂಬರ್ ತಿಂಗಳಲ್ಲಿ ಇಂಗ್ಲಿಷರ ದಂಡು ಬಂದು ಊರನ್ನೇ ಸುಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ಶಾಲೆಯಲ್ಲಿ ಓದಿದವರು ನೀವೂ ಇರುತ್ತೀರಿ. ಆಯುಧ ಅಂದರೆ ಸರ್ಕಾರ, ಸರ್ಕಾರ ಅಂದರೆ ಭಯ ಅನ್ನೋದು ನಮ್ಮ ಕಡೆ ಹಿರಿಯರಿಗೆ ರಕ್ತದಲ್ಲೇ ಬಂದಿದೆ. ಅವ್ವನಿಗೆ ಕೂಡಿಸಿಕೊಂಡು ಹೇಳಿದೆ. 4.5 ಮಿಲಿಮೀಟರ್ ಒಳಗಿನ, 20 ಜೌಲ್ ಒಳಗಿನ ಶಕ್ತಿಯ ಏರ್ ಪಿಸ್ತೂಲಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಅದರ ಹತ್ತಿರವೂ ಬರುವುದಿಲ್ಲ. ರಾಹಿ ಹೊಡೆಯುವ 25 ಮೀಟರಿನದು ನಿಜವಾದ ಮದ್ದಿನ ಪಿಸ್ತೂಲು, ಅದಕ್ಕೆ ಲೈಸೆನ್ಸ್ ಬೇಕು. ಅವ್ವ ಪೂರ್ತಿ ಒಪ್ಪಲಿಲ್ಲ, ಸುಮ್ಮನಾದಳು.

ಇನ್ನು ಯಾವುದು ಕೊಳ್ಳಬೇಕು? ಮೂರು ಜಾತಿ ಇವೆ. ಒಂದು, ಸ್ಪ್ರಿಂಗಿನದು. ಅಗ್ಗ, ಆದರೆ ಗುಂಡು ನಳಿಗೆಯೊಳಗೆ ಇರುವಾಗಲೇ ಒಳಗಿನ ಪಿಸ್ಟನ್ ಜಿಗಿದು ಪಿಸ್ತೂಲು ಅಲುಗುತ್ತದೆ. ತಪ್ಪು ಕೈಯದೋ ಪಿಸ್ತೂಲಿನದೋ ಕಲಿಯುವವರಿಗೆ ಗೊತ್ತಾಗುವುದೇ ಇಲ್ಲ. ಎರಡು, ಪ್ರತಿ ಗುಂಡಿಗೂ ಲಿವರ್ ಎಳೆದು ಗಾಳಿ ತುಂಬುವುದು. ಅಲುಗುವುದಿಲ್ಲ, ಸಿಲಿಂಡರಿನ ರಗಳೆಯಿಲ್ಲ, ವರ್ಷಗಟ್ಟಲೆ ಬಾಳುತ್ತೆ. ಆದರೆ ಒಂದು ಪಂದ್ಯಕ್ಕೆ 60 ಗುಂಡು, ಮೊದಲಿನ ಅಭ್ಯಾಸದ ಗುಂಡು ಬೇರೆ. ಅಷ್ಟು ಸಲ ಲಿವರ್ ಎಳೆದರೆ ಸಣ್ಣ ಹುಡುಗಿಯ ತೋಳು ಗುರಿ ಹಿಡಿಯುವ ಮೊದಲೇ ದಣಿಯುತ್ತದೆ. ಮೂರು, ಮೊದಲೇ ಗಾಳಿ ತುಂಬಿದ ಸಿಲಿಂಡರಿನದು. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬೌ, ಇಟಲಿಯ ಪಾರ್ಡಿನಿ. ದೊಡ್ಡ ಪಂದ್ಯಗಳಲ್ಲೆಲ್ಲ ಇವೇ. ಬೆಲೆ ಲಕ್ಷದ ಮೇಲೆ.

ಯಾವ ಕಂಪನಿ ಒಳ್ಳೆಯದು ಅಂತ ನಾನು ಎಲ್ಲರನ್ನೂ ಕೇಳುತ್ತಾ ಹೋದೆ. ಕೋಚ್ ಹೇಳಿದ್ದು ಬೇರೆ. ಇವೆಲ್ಲ ಸ್ಟ್ಯಾಂಡಿಗೆ ಕಟ್ಟಿ ಹೊಡೆದರೆ ಗುಂಡನ್ನು ಒಂದೇ ತೂತಿಗೆ ಹಾಕುತ್ತವೆ. ವ್ಯತ್ಯಾಸ ಇರುವುದು ಹಿಡಿಕೆಯಲ್ಲಿ, ತೂಕದಲ್ಲಿ, ಟ್ರಿಗರ್‌ನಲ್ಲಿ. ಲೆಕ್ಕ ಹಾಕಿ ನೋಡಿದೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 32 ಸೆಂಟಿಮೀಟರ್. ಅಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾದರೆ 10 ಮೀಟರ್ ಆಚೆ ಗುಂಡು 30 ಮಿಲಿಮೀಟರ್ ಸರಿಯುತ್ತದೆ. ಹತ್ತರ ವೃತ್ತದ ಅಗಲವೇ 11.5 ಮಿಲಿಮೀಟರ್. ಅಂದರೆ ಹತ್ತು ಹೋಗಿ ಏಳು! ರೇಂಜಿನ ಪಿಸ್ತೂಲಿನ ಹಿಡಿಕೆ ದೊಡ್ಡ ಗಂಡಸರ ಅಳತೆಯದು. ಇವಳ ಬೆರಳು ಟ್ರಿಗರ್‌ಗೆ ಮುಟ್ಟಬೇಕಾದರೆ ಅಂಗೈ ಪಕ್ಕಕ್ಕೆ ತಿರುಗುತ್ತಿತ್ತು. ಮಣಿಕಟ್ಟಿನ ನೋವೂ ಅದರಿಂದಲೇ.

ಹಾಗಾದರೆ ಮೊದಲು ಹಿಡಿಕೆಯನ್ನೇ ಕೊಂಡರೆ? ಹಿಡಿಕೆ ಕಟ್ಟಿಗೆಯದು, ಬಿಚ್ಚಿ ಬೇರೆ ಹಾಕಬಹುದು, ಸಣ್ಣ ಮಧ್ಯಮ ದೊಡ್ಡ ಅಂತ ಅಳತೆ ಇರುತ್ತದೆ. ರೇಂಜಿನವರು ಒಪ್ಪಿದರು. ಸಣ್ಣ ಅಳತೆಯ ಹಿಡಿಕೆ ತರಿಸಿ, ತಗ್ಗಿದ್ದಲ್ಲಿ ಮರದ ಪುಟ್ಟಿ ತುಂಬಿ, ಉಬ್ಬಿದ್ದಲ್ಲಿ ಅರದಿಂದ ಉಜ್ಜಿ, ಅವಳ ಕೈಗೆ ಕೂಡಿಸಿದರು. ಎರಡು ತಿಂಗಳಲ್ಲಿ ನೋವು ಹೋಯಿತು, 60 ಗುಂಡಿಗೆ 22 ಅಂಕ ಮೇಲೆ ಬಂತು. ಯಾವ ಅಳತೆ, ಎಷ್ಟು ತೂಕ ಬೇಕು ಅನ್ನೋದು ಅವಳಿಗೇ ಗೊತ್ತಾಯಿತು. ನಿಯಮದಲ್ಲಿ ಒಂದೂವರೆ ಕಿಲೋ ತನಕ ಇರಬಹುದು. ಸ್ಪರ್ಧೆಯವು ಬಹುತೇಕ ಒಂದು ಕಿಲೋ ಆಸುಪಾಸು, ಮಕ್ಕಳಿಗಾಗಿ ನಳಿಗೆ ಗಿಡ್ಡ ಇರುವ ಮಾದರಿಗಳೂ ಇವೆ. ಒಂದೇ ಕೈಯಲ್ಲಿ, ತೋಳು ಚಾಚಿ, ಒಂದೂಕಾಲು ಗಂಟೆ ಎತ್ತಿ ಇಳಿಸುವವರಿಗೆ ನೂರು ಗ್ರಾಂ ಕೂಡ ದೊಡ್ಡದೇ.

ಆಮೇಲೆ ಪಿಸ್ತೂಲು. ಹೊಸದೋ, ಹಳೆಯದೋ? ನನ್ನಾಕೆ ಹೇಳಿದಳು, "ನೋಡ್ರೀ, ಎಫ್‌ಡಿ ಮುರಿದು ಹೊಸದ ತಂದ್ರ ಆಕಿ ಮುಂದ 12ನೇ ಕ್ಲಾಸಿಗೆ ಬಿಡಬೇಕಂದ್ರೂ ಬಿಡೂದಿಲ್ಲ. ಅಪ್ಪ ಇಷ್ಟ ಖರ್ಚ ಮಾಡ್ಯಾನಂತ ಬಾಯಿ ಮುಚ್ಚಿಕೊಂಡ ಹೊಡೀತಾಳ." ನಾನು ಇಪ್ಪತ್ತೈದು ವರ್ಷ ಸಾಲದ ಮೇಜಿನಲ್ಲಿ ಕೂತವನು. ಕಂತಿನ ಭಾರ ಮನುಷ್ಯನ ಮುಖದಲ್ಲಿ ಹೇಗೆ ಕಾಣುತ್ತೆ ಅಂತ ಗೊತ್ತು. ಈಗಷ್ಟೇ ಬಾಯಿ ಬಿಟ್ಟ ಹುಡುಗಿ ಮತ್ತೆ ಬಾಯಿ ಮುಚ್ಚುವುದು ನನಗೂ ಬೇಡವಾಗಿತ್ತು. ಒಂದು ಕಿಲೋದ ಪಿಸ್ತೂಲಿನ ಮೇಲೆ ಅಪ್ಪನ ಎರಡು ಲಕ್ಷವನ್ನೂ ಹೊತ್ತು ಆ ಕೈ ನಡುಗದೆ ನಿಲ್ಲುವುದು ಹೇಗೆ?

ಹಳೆಯದನ್ನೇ ನೋಡಿದೆವು. ರೇಂಜಿನಲ್ಲಿದ್ದ ಮಾದರಿಯೇ, ಕಾಲೇಜು ಮುಗಿಸಿ ನೌಕರಿಗೆ ಹೊರಟ ಹುಡುಗನೊಬ್ಬ ಮಾರುತ್ತಿದ್ದ. ಕೊಂಡ ಹಿಡಿಕೆ ಅದಕ್ಕೇ ಕೂಡುತ್ತದೆ. ಇಲ್ಲಿ ಬ್ಯಾಂಕಿನ ಬುದ್ಧಿ ಉಪಯೋಗಕ್ಕೆ ಬಂತು. ಹಳೆಯದು ಕೊಳ್ಳುವವರು ಇವನ್ನು ನೋಡಿ. ಮೊದಲು ಬಿಲ್ಲು, ಸೀರಿಯಲ್ ನಂಬರ್, ಎರಡೂ ಹೊಂದಬೇಕು. ಎರಡನೆಯದು ಸಿಲಿಂಡರಿನ ತಾರೀಖು. ಸುಮಾರು 200 ಬಾರ್ ಒತ್ತಡದ ಗಾಳಿ ಅದರಲ್ಲಿರುತ್ತದೆ. ಬಹಳಷ್ಟು ಕಂಪನಿಗಳು 10 ವರ್ಷದ ಅವಧಿ ಕೊಡುತ್ತವೆ. ಅವಧಿಯೊಳಗಿನ ಸಿಲಿಂಡರ್ ಇಟ್ಟುಕೊಳ್ಳುವುದು ಆಟಗಾರರದೇ ಜವಾಬ್ದಾರಿ ಅಂತ ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ನಾವು ನೋಡಿದ್ದಕ್ಕೆ ಒಂದೇ ವರ್ಷ ಬಾಕಿ ಇತ್ತು, ಹೊಸ ಸಿಲಿಂಡರಿನ ಬೆಲೆ ಕಳೆದು ಕೊಟ್ಟೆವು. ಮೂರನೆಯದು ಟ್ರಿಗರ್. ಪಿಸ್ತೂಲನ್ನು ಕಾಕ್ ಮಾಡಿ ಟ್ರಿಗರ್‌ಗೆ ಅರ್ಧ ಕಿಲೋ ತೂಕ ನೇತುಹಾಕಿ ಎತ್ತಿದರೆ ಬಿಡಬಾರದು. ಬಿಟ್ಟರೆ ಪಂದ್ಯದ ತಪಾಸಣೆಯಲ್ಲಿ ಪಾಸಾಗುವುದಿಲ್ಲ. ನಾಲ್ಕನೆಯದು ಗಾಳಿ ಸೋರಿಕೆ. ತುಂಬಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಮೀಟರ್ ನೋಡಿ. ಕೊನೆಯದು, ರಿಪೇರಿ ಮಾಡುವವರು ನಿಮ್ಮ ಊರಲ್ಲಿ ಇದ್ದಾರೆಯೇ? 2021ರ ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲು ಪಂದ್ಯದ ನಡುವೆಯೇ ಕೈಕೊಟ್ಟಿತು. ಅಮೂಲ್ಯ ಸಮಯ ಹೋಗಿ 575ಕ್ಕೆ ನಿಂತರು, ಫೈನಲ್ ತಪ್ಪಿತು. ಪ್ಯಾರಿಸ್ಸಿನಲ್ಲಿ 580 ಹೊಡೆದು ಫೈನಲ್ಲಿಗೆ ಹೋದರು. ಅಂಥವರಿಗೇ ಹಾಗಾದರೆ ನಮ್ಮದೇನು? ಅದಕ್ಕೇ ರೇಂಜಿನಲ್ಲಿ ಎಲ್ಲರ ಬಳಿ ಇರುವ ಮಾದರಿಯೇ ಲೇಸು, ಒಂದು ಸ್ಕ್ರೂ ಬೇಕೆಂದರೂ ಪಕ್ಕದವರ ಹತ್ತಿರ ಸಿಗುತ್ತದೆ.

ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ತಲೆ ಚಪ್ಪಟೆ ಇರುವ ಗುಂಡು, 500ರ ಡಬ್ಬಿ, ವಾರಕ್ಕೆ ಒಂದು ಖಾಲಿ. ಅದಕ್ಕೇ ಗುಂಡಿಲ್ಲದೆ ಮನೆಯಲ್ಲಿ ಗೋಡೆಗೆ ಗುರಿ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸ ದಿನಾ ಅರ್ಧ ಗಂಟೆ. ಪುಕ್ಕಟೆ ಅಭ್ಯಾಸ, ಕಲಿಕೆಯ ದೊಡ್ಡ ಭಾಗ ಇದೇ ಅಂತಾರೆ ಕೋಚ್. ಮನೆಯಲ್ಲಿ ನಿಯಮ ಕಟ್ಟುನಿಟ್ಟು: ಪಿಸ್ತೂಲು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕಪಾಟಿನಲ್ಲಿ, ಬೀಗದ ಕೈ ನನ್ನಾಕೆಯ ಹತ್ತಿರ, ಗುಂಡಿನ ಡಬ್ಬಿ ಬೇರೆ ಕಡೆ. ಖಾಲಿ ಇದ್ದರೂ ಮನುಷ್ಯರ ಕಡೆ ತಿರುಗಿಸುವಂತಿಲ್ಲ.

ಮೊದಲ ಪಂದ್ಯ ಬಾಲೇವಾಡಿಯಲ್ಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ, 2008ರ ಯೂತ್ ಕಾಮನ್‌ವೆಲ್ತ್ ಗೇಮ್ಸ್ ನಡೆದ ಸಂಕೀರ್ಣ. ಕಾತ್ರಜದಿಂದ ಬೈಪಾಸ್ ಹಿಡಿದು ನವಲೆ ಸೇತುವೆ, ವಾರ್ಜೆ, ಚಾಂದಣಿ ಚೌಕ ದಾಟಿ ಹೋದೆವು. ಅದೇ ರಸ್ತೆ ಹಿಂದಕ್ಕೆ ತಿರುಗಿಸಿದರೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ. ಮಗಳು 600ಕ್ಕೆ 531 ಹೊಡೆದಳು. ಪದಕದ ಹತ್ತಿರವೂ ಇಲ್ಲ. ಆದರೆ ಹೊರಗೆ ಬಂದು ಪಕ್ಕದ ಲೇನಿನ ಹುಡುಗಿಯ ಜೊತೆ ಮರಾಠಿಯಲ್ಲಿ ಅರ್ಧ ಗಂಟೆ ಮಾತಾಡುತ್ತ ನಿಂತಳು. ನಾನು ಕಾರಿನ ಹತ್ತಿರ ಕಾಯುತ್ತಿದ್ದೆ, ಕರೆಯಲಿಲ್ಲ.

ಈ ಸಲ ಖಂಡೇನವಮಿಗೆ ಅವ್ವ ನನ್ನ ಸ್ಕೂಟರಿಗೆ, ಮಿಕ್ಸರಿಗೆ, ಈಳಿಗೆಮಣೆಗೆ ಕುಂಕುಮ ಹಚ್ಚಿದಳು. ಆಮೇಲೆ ಸೊಸೆಯ ಹತ್ತಿರ ಕಪಾಟಿನ ಕೀಲಿ ಕೇಳಿದಳು. "ತಾ, ಅದನ್ನೂ ಹೊರಗ ತಗಿ. ಹುಡುಗೀಗೆ ಅನ್ನ ಹಾಕದಿದ್ರೂ ಬಾಯಿ ಕೊಟ್ಟೈತಿ" ಅಂದಳು.