ದೊಡ್ಡ ಸಂಪಿಗೆಯ ನೆರಳಿನಲ್ಲಿ

ಇಂಡಿ, ಸಿಂದಗಿಗಳ ಎರೆನೆಲದಲ್ಲಿ ಹರದಾರಿ ನಡೆದರೂ ಒಂದು ಬೇವೋ ಜಾಲಿಯೋ ದೊರೆತರೆ ಅದೇ ಭಾಗ್ಯ. ನಮ್ಮ ಕಡೆಯವರಿಗೆ ಅರಣ್ಯವೆಂಬುದು ಗ್ರಂಥಗಳಲ್ಲಿ ಓದಿದ ವಸ್ತುವೇ ಹೊರತು ಕಣ್ಣಾರೆ ಕಂಡುದಲ್ಲ. ನಾನಾದರೂ ಶಾಕುಂತಲದ ತಪೋವನವನ್ನು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ವರ್ಣಿಸಿ ಹೇಳಿದವನು. ವನವನ್ನು ಮಾತ್ರ ನೋಡಿದವನಲ್ಲ. ಈ ಕೊರತೆಯನ್ನು ನೀಗಿಕೊಳ್ಳಬೇಕೆಂದು ಕಳೆದ ಮಾರ್ಗಶಿರದಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆನು.

ಆ ಬೆಟ್ಟದ ಮೂಲನಿವಾಸಿಗಳು ಸೋಲಿಗರು. ರಂಗಸ್ವಾಮಿಯು ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ನಂಬಿಕೆಯಿಂದ ಅವರು ದೇವರನ್ನು ‘ಭಾವ’ನೆಂದು ಕರೆಯುವರು. ನಾವು ಸಹಸ್ರನಾಮಗಳಿಂದ ಸ್ತುತಿಸಿ ದೂರ ನಿಲ್ಲಿಸಿದವನನ್ನು ಇವರು ಒಂದೇ ಶಬ್ದದಿಂದ ಮನೆಯವನನ್ನಾಗಿ ಮಾಡಿಕೊಂಡಿರುವರು.

ಸೋಲಿಗರ ಹಿರಿಯನೊಬ್ಬನು ನನ್ನನ್ನು ದೊಡ್ಡ ಸಂಪಿಗೆಯ ಬಳಿಗೆ ಕರೆದೊಯ್ದನು. ಆ ಮಹಾವೃಕ್ಷಕ್ಕೆ 600 ವರ್ಷಗಳಾದವೆಂದು ಹೇಳುವರು. ಅದರ ಬುಡದಲ್ಲಿ ಲಿಂಗಗಳಂತೆ ಕಲ್ಲುಗಳನ್ನು ನಿಲ್ಲಿಸಿ ಪೂಜಿಸುವರು, ಗುಡಿಯಿಲ್ಲ, ಗೋಪುರವಿಲ್ಲ. ನಾನು ಪಾದರಕ್ಷೆಗಳನ್ನು ಬಿಟ್ಟು ಕೈಮುಗಿದೆನು.

ಹಿರಿಯನು ಹೇಳಿದ ಸಂಗತಿಯಿಂದ ನನ್ನ ಕಣ್ಣು ತೆರೆಯಿತು. ನಾನು ನಿರ್ಜನವೆಂದು ತಿಳಿದಿದ್ದ ಕಾಡೆಲ್ಲವೂ ಕುಲಕುಲಗಳಿಗೆ ಹಂಚಿದ ‘ಎಲ್ಲೆ’ಗಳಾಗಿರುವದು. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ ಮತ್ತು ನೀರಿನ ಅಬ್ಬಿ ಎಂಬ ಐದು ಬಗೆಯ ಸ್ಥಾನಗಳಿರುವವು. ಇತ್ತೀಚಿನ ವರ್ಷಗಳಲ್ಲಿ ಸೋಲಿಗ ಹಿರಿಯರೂ ಸಂಶೋಧಕರೂ ಕೂಡಿ ಕಾಡನ್ನು ಸುತ್ತಿ, ಇಂಥ 400ಕ್ಕೂ ಮಿಕ್ಕಿದ ಸ್ಥಾನಗಳನ್ನು ನಕಾಶೆಯಲ್ಲಿ ಗುರುತಿಸಿರುವರು.

1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾದಾಗ ಒಳಗಿನ ಪೋಡುಗಳು ಕಾಡಿನ ಅಂಚಿಗೆ ಬಂದವು. ತರಗೆಲೆಗೆ ಸಣ್ಣ ಬೆಂಕಿಯಿಡುವ ಪದ್ಧತಿಯೂ ನಿಂತಿತು. ಕಾಡಿಗೆ ಬೆಂಕಿಯಿಡುವವನು ಅಜ್ಞಾನಿಯೆಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆನು. ಹಿರಿಯನು ದಾರಿಯ ಇಕ್ಕೆಲಗಳಲ್ಲಿ ಆಳೆತ್ತರ ಬೆಳೆದ ಲಂಟಾನದ ಪೊದೆಗಳನ್ನು ತೋರಿಸಿ, “ಆ ಬೆಂಕಿ ನೆಲಾನ ಚೊಕ್ಕಟ ಮಾಡ್ತಿತ್ತು ಸ್ವಾಮಿ. ಅದು ನಿಂತಿತು, ಇದು ಬಂತು” ಎಂದನು. ಲಂಟಾನವು ಅಮೇರಿಕಾ ಖಂಡದ ಗಿಡ. ಆಂಗ್ಲರು ಹೂವಿನ ಅಂದಕ್ಕಾಗಿ ಅದನ್ನು ಈ ದೇಶಕ್ಕೆ ತಂದರು. ಬೆಂಕಿ ನಿಂತುದೊಂದೇ ಅದರ ಹಬ್ಬುವಿಕೆಗೆ ಕಾರಣವೆಂದು ನಿರ್ಣಯಿಸಲು ನಾನು ಅಧಿಕಾರಿಯಲ್ಲ. ಆದರೆ ಕಾಡನ್ನೇ ಕಾಣದವನು ಕಾಡಿನವರ ಅಜ್ಞಾನವನ್ನು ಕುರಿತು ಪಾಠ ಹೇಳಿದ್ದು ತಪ್ಪೆಂಬುದನ್ನು ಒಪ್ಪಿಕೊಳ್ಳಲೇಬೇಕು.

2011ರಲ್ಲಿ ಅಲ್ಲಿ ಹುಲಿರಕ್ಷಿತಾರಣ್ಯವಾಯಿತು. ಅದೇ ವರ್ಷ, 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ, 25 ಗ್ರಾಮಸಭೆಗಳಿಗೆ ಆ ಅರಣ್ಯದ ಮೇಲೆ ಸಾಮುದಾಯಿಕ ಹಕ್ಕು ದೊರೆಯಿತು. ಹುಲಿಯ ಕಾಡಿನಲ್ಲಿ ಮನುಷ್ಯರ ಹಕ್ಕನ್ನು ಹೀಗೆ ಮನ್ನಿಸಿದ್ದು ದೇಶದಲ್ಲಿ ಅದೇ ಮೊದಲು.

ಹಿಂದಿರುಗುವಾಗ ಹಿರಿಯನು, “ಸ್ವಾಮಿ, ನಿಮ್ಮ ಎಲ್ಲೆ ಎಲ್ಲಿ?” ಎಂದು ಸಹಜವಾಗಿ ಕೇಳಿದನು. ನನಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ಬಸವನ ಬಾಗೇವಾಡಿ ತಾಲೂಕಿನ ಕೃಷ್ಣಾತೀರದ ನಮ್ಮೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿರುವದು. 1964ರಲ್ಲಿ ಅಡಿಗಲ್ಲಿಟ್ಟ ಆ ಅಣೆಕಟ್ಟಿನ ನೀರಿನಿಂದ ಎಷ್ಟೋ ಹೊಲಗಳು ಹಸುರಾದವು. ಅದನ್ನು ನಾನು ಅಲ್ಲಗಳೆಯುವದಿಲ್ಲ. ಊರದೇವರ ಮೂರ್ತಿಯನ್ನೂ ಪುನರ್ವಸತಿ ಕೇಂದ್ರಕ್ಕೆ ತಂದೆವು. ಆದರೆ ಬನ್ನಿಯ ಗಿಡ, ಹಿರಿಯರ ಗದ್ದುಗೆ, ಹಳ್ಳದ ಸೆಲೆ ಇವು ಗಾಡಿಯಲ್ಲಿ ಹೇರಿ ತರುವ ಸಾಮಾನುಗಳಲ್ಲ. ಇದನ್ನೆಲ್ಲ ಹೇಳಿದೆನು. ಆತನು ತುಸು ಹೊತ್ತು ಸುಮ್ಮನಿದ್ದು, “ಜಾಗಗಳ ಹೆಸರಾದ್ರೂ ಗೊತ್ತಾ ಸ್ವಾಮಿ?” ಎಂದನು.

ಊರಿಗೆ ಬಂದ ಮೇಲೆ ಒಂದು ನೋಟುಬುಕ್ಕನ್ನು ಹಿಡಿದು ನಮ್ಮ ಓಣಿಯ ಮುದುಕಿಯರ ಬಳಿ ಕುಳಿತೆನು. ಹೊಲಗಳ, ಮಡುವುಗಳ, ಕಟ್ಟೆಗಳ 43 ಹೆಸರುಗಳು ಸಿಕ್ಕವು. ಅವುಗಳಲ್ಲಿ ನನಗೆ ನೆನಪಿದ್ದವು ಹನ್ನೊಂದು ಮಾತ್ರ. ನನ್ನ ಮಗನಿಗೆ ಒಂದೂ ತಿಳಿಯದು. ಹೆಸರು ಹೇಳಿದ ಅಜ್ಜಿಯರಲ್ಲಿ ಒಬ್ಬಳು ಈಗಾಗಲೇ ತೀರಿಕೊಂಡಳು.

ಬಾಗೇವಾಡಿ, ಮುದ್ದೇಬಿಹಾಳಗಳ ಮುಳುಗಡೆಯ ಊರುಗಳ ವಾಚಕ ಮಹಾಶಯರಲ್ಲಿ ನನ್ನ ವಿನಂತಿ ಇಷ್ಟೇ: ತಮ್ಮ ಮನೆಯ ಹಿರಿಯರನ್ನು ಕೇಳಿ, ಇಂಥದೊಂದು ಯಾದಿಯನ್ನು ತಡಮಾಡದೆ ಬರೆದಿಡಬೇಕು.