ನಸುಕಿನ ಮೌನ

ಬೆಳಗಿನ ಐದು ಗಂಟೆಗೆ ಎದ್ದು ಹೊರಗೆ ಹೊರಡುವುದು ನನ್ನ ಬಹುಕಾಲದ ರೂಢಿ. "ಇಷ್ಟು ಹೊತ್ತಿನಲ್ಲಿ ಹೋಗಿ ನೀವು ತರುವುದಾದರೂ ಏನು?" ಎಂದು ಮನೆಯವರು ಕೇಳುವುದುಂಟು. ಹಾಲು ತರುತ್ತೇನೆ ಎಂದು ಉತ್ತರಿಸುತ್ತೇನೆ. ಹಾಲು ಬರಿಯ ನೆಪ. ನಾನು ಹೋಗುವುದು ಒಂದು ಗಂಟೆಯ ಮೌನವನ್ನು ಸವಿಯುವುದಕ್ಕೆ.

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಶೆಟ್ಟಿಹಳ್ಳಿಯಲ್ಲಿ. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಊರು ನಗರವಾಗಿದೆ. ಒಂದು ಕಡೆ ಜಾಲಹಳ್ಳಿ, ಇನ್ನೊಂದು ಕಡೆ ಚಿಕ್ಕಬಾಣಾವರ. ಅನತಿದೂರದಲ್ಲಿ ಪೀಣ್ಯದ ಕಾರ್ಖಾನೆಗಳು. ಹಗಲಿನಲ್ಲಿ ಇಲ್ಲಿ ವಾಹನಗಳ ಸದ್ದಿಗೆ ಬಿಡುವಿಲ್ಲ. ನಸುಕಿನಲ್ಲಿ ಮಾತ್ರ ಊರು ತನ್ನ ಹಳೆಯ ಹೆಸರಿಗೆ ಮರಳುತ್ತದೆ.

ಮೌನವೆಂದರೆ ಶಬ್ದವೇ ಇಲ್ಲವೆಂದಲ್ಲ. ಸಣ್ಣ ಶಬ್ದಗಳಿಗೂ ಎಡೆಯಿದೆ ಎಂದು ಅರ್ಥ. ಬೆಳಕು ಹರಿಯುವ ಮುನ್ನವೇ ಕಾಜಾಣ ದನಿ ತೆಗೆಯುತ್ತದೆ. ಮಡಿವಾಳ ಹಕ್ಕಿ ತಂತಿಯ ಮೇಲೆ ಕುಳಿತು ಸಿಳ್ಳು ಹಾಕುತ್ತದೆ. ಯಾರೋ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿಗೆ ಅಣಿಮಾಡುತ್ತಾರೆ. ಕಡ್ಡಿ ಪೊರಕೆಯ ಸದ್ದು ಬೀದಿಯ ಆ ತುದಿಗೂ ಕೇಳುತ್ತದೆ. ತುಮಕೂರಿನ ದಾರಿಯ ರೈಲು ಚಿಕ್ಕಬಾಣಾವರದಲ್ಲಿ ಕೂಗಿದರೆ ನಮ್ಮ ಹಿತ್ತಲಲ್ಲೇ ಕೂಗಿದಂತಾಗುತ್ತದೆ. ಇದಕ್ಕೆ ಕಾರಣವುಂಟು. ಗಾಳಿ ಬೀಸದ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ತಣಿದು, ಅದರ ಬಳಿಯ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ತಂಪು ಗಾಳಿಯಲ್ಲಿ ಶಬ್ದದ ವೇಗ ಕಡಿಮೆ. ಆದುದರಿಂದ ಮೇಲೇರುವ ಶಬ್ದದ ಅಲೆ ಬಾಗಿ, ಮತ್ತೆ ನೆಲದತ್ತ ಇಳಿದು, ಬಹುದೂರ ಸಾಗುತ್ತದೆ.

ಇಂಥ ಸೊಬಗನ್ನು ಒಂದು ದಿನ ನಾನೇ ಕೆಡಿಸಿದೆ. ತಿರುಗಾಟದ ಉಲ್ಲಾಸದಲ್ಲಿ ಮನೆಗೆ ಬಂದು, ಜಗುಲಿಯ ಮೇಲೆ ರೇಡಿಯೋ ಇಟ್ಟು ಗಟ್ಟಿಯಾಗಿ ಹಾಕಿದೆ. ಪಕ್ಕದ ಮನೆಯಾಕೆ ಗೇಟಿನ ಬಳಿ ಬಂದು ಸಂಕೋಚದಿಂದ, "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಮ್ಮ ಯಜಮಾನ್ರು ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಈಗ ತಾನೇ ಮಲಗಿದಾರೆ" ಎಂದರು.

ನಾನು ನಾಚಿ ರೇಡಿಯೋ ನಿಲ್ಲಿಸಿದೆ. ನನಗೆ ಬೆಳಗಾದದ್ದು ಅವರಿಗೆ ರಾತ್ರಿ. ಇಷ್ಟು ವರ್ಷ ನಾನು ಸವಿದ ಮೌನವನ್ನು ಪ್ರಕೃತಿಯ ಕೊಡುಗೆಯೆಂದೇ ಬಗೆದಿದ್ದೆ. ಬಾಗಿಲನ್ನು ಮೆಲ್ಲಗೆ ಮುಚ್ಚಿದವರು, ಪಾತ್ರೆಗಳನ್ನು ಸದ್ದಾಗದಂತೆ ಇಟ್ಟವರು, ಮಲಗಿದವರ ನಿದ್ದೆಗಾಗಿ ದನಿ ತಗ್ಗಿಸಿದವರು, ಇವರೆಲ್ಲರ ಪಾಲೂ ಅದರಲ್ಲಿತ್ತು.

ನಮ್ಮ ದೇಶದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದವು 45 ಡೆಸಿಬಲ್ ಮೀರಬಾರದು. ಹಗಲಿನಲ್ಲಿ ಆ ಮಿತಿ 55. ಆದರೆ ಆರು ಗಂಟೆಗೆ ನಿಯಮದ ರಾತ್ರಿ ಮುಗಿಯುತ್ತದೆ. ಪಕ್ಕದ ಮನೆಯವರ ನಿದ್ದೆ ಆಗ ಆರಂಭವಾಗುತ್ತದೆ. ಅಲ್ಲಿಂದ ಮುಂದಿನ ಕಾವಲು ನೆರೆಹೊರೆಯವರಾದ ನಮ್ಮದು.

ಈಗಲೂ ನಾನು ಐದಕ್ಕೇ ಏಳುತ್ತೇನೆ. ಮರಳಿ ಬಂದು ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕುತ್ತೇನೆ. ಒಮ್ಮೊಮ್ಮೆ ಪಾಳಿ ಮುಗಿಸಿ ಬರುವ ಆತ ಬೀದಿಯ ತಿರುವಿನಲ್ಲಿ ಎದುರಾಗುತ್ತಾರೆ. ಇಬ್ಬರೂ ಕೈಮುಗಿದು ನಗುತ್ತೇವೆ, ಮಾತನಾಡುವುದಿಲ್ಲ.